ಸತ್ಯಾಂಶ: ದುಬಾರಿ ಕ್ಯಾಮೆರಾದಲ್ಲಿ ಫ್ಲ್ಯಾಶ್ ಇಲ್ಲ ಅಂದ್ರೆ ಮೋಸಾನಾ?

"ಅಗ್ಗದ ಕ್ಯಾಮೆರಾಗೆ ಫ್ಲ್ಯಾಶ್ ಇರತ್ತೆ, ಲಕ್ಷಗಟ್ಟಲೆ ಕೊಟ್ರೆ ಇರಲ್ಲ, ಫ್ಲ್ಯಾಶ್ ಬೇರೆ ಮಾರೋಕೆ ಕಂಪನಿಯವ್ರ ಆಟ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಫ್ಲ್ಯಾಶ್ ಇರಲ್ಲ ಅನ್ನೋದು ಹೆಚ್ಚುಕಮ್ಮಿ ನಿಜ, ಕಾರಣ ಮಾತ್ರ ಅಷ್ಟೇ ಅಲ್ಲ.

ಕ್ಯಾನನ್ 5ಡಿ 2005ರಲ್ಲಿ ಬಂದಾಗ್ಲೇ ಅದ್ರಲ್ಲಿ ಪಾಪ್-ಅಪ್ ಫ್ಲ್ಯಾಶ್ (ಕ್ಯಾಮೆರಾ ಒಳಗಿಂದಲೇ ಮೇಲೆ ಎದ್ದೇಳೋ ಪುಟ್ಟ ಫ್ಲ್ಯಾಶ್) ಇರ್ಲಿಲ್ಲ. ನಿಕಾನ್ ಡಿ810ರಲ್ಲಿ ಇತ್ತು, 2017ರ ಡಿ850ರಲ್ಲಿ ತೆಗೆದುಬಿಟ್ರು. ಮೇಲೆ ಎದ್ದೇಳೋ ಭಾಗ ಇಲ್ದಿದ್ರೆ ಧೂಳು, ನೀರು ಒಳಗೆ ಹೋಗದ ಹಾಗೆ ಬಾಡಿ ಮಾಡೋದು ಸುಲಭ.

ಇನ್ನು ಬೆಳಕಿನ ವಿಷ್ಯ. ಆ ಪುಟ್ಟ ಫ್ಲ್ಯಾಶ್‌ಗೆ ಗೈಡ್ ನಂಬರ್ (ಫ್ಲ್ಯಾಶ್ ಶಕ್ತಿಯ ಅಳತೆ) ಸುಮಾರು 12, ಅಂದ್ರೆ ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸ್ ಬಾಯಿ ಎಫ್/4 ಇಟ್ರೆ, 12ನ್ನ 4ರಿಂದ ಭಾಗಿಸಿ, ಬೆಳಕು 3 ಮೀಟರ್ ದಾಟಲ್ಲ, ಛತ್ರದಲ್ಲಿ ಧಾರೆ ಫೋಟೋ ತೆಗಿಯೋರು ಅದನ್ನ ನಂಬ್ಕೊಂಡ್ರೆ ಮುಂದಿನ ಸಾಲಿನವ್ರ ತಲೆ ಬೆಳ್ಳಗೆ, ಮದುಮಕ್ಕಳು ಕತ್ತಲಲ್ಲಿ. ದಪ್ಪ ಲೆನ್ಸ್ ಹಾಕಿದ್ರಂತೂ ಅದರ ನೆರಳೇ ಫೋಟೋದ ಕೆಳಗೆ ಅರ್ಧಚಂದ್ರ ಆಗಿ ಬೀಳತ್ತೆ, ಕಣ್ಣು ಬೇರೆ ಕೆಂಪು. ಹಾಟ್‌ಶೂಗೆ (ಕ್ಯಾಮೆರಾ ತಲೆ ಮೇಲಿನ ಫ್ಲ್ಯಾಶ್ ಸಿಕ್ಕಿಸೋ ಜಾಗ) ಹಾಕೋ ಫ್ಲ್ಯಾಶ್ ಆದ್ರೆ ಸೀಲಿಂಗ್ ಕಡೆ ತಿರುಗಿಸಿ ಬೆಳಕು ಮೆತ್ತಗೆ ಬೀಳಿಸ್ಬಹುದು.

ಆದ್ರೂ ಡಿ810ರ ಪಾಪ್-ಅಪ್‌ನಿಂದ ದೂರದ ಫ್ಲ್ಯಾಶ್‌ಗಳನ್ನ ವೈರ್ ಇಲ್ದೆ ಕಂಟ್ರೋಲ್ ಮಾಡ್ಬಹುದಿತ್ತು, ಅದು ಹೋಯ್ತಲ್ಲ ಅಂತ ಗೊಣಗೋರದ್ದು ನ್ಯಾಯವಾದ ಗೊಣಗಾಟಾನೇ.