ಇಮ್ಯುನಿಟಿ ಹೆಚ್ಚಾದಷ್ಟೂ ಒಳ್ಳೆಯದೇ?

‘ಇಮ್ಯುನಿಟಿ ಹೆಚ್ಚಿಸಿಕೊಳ್ಳಿ’ ಅಂತ ಯಾರಾದರೂ ಹೇಳಿದರೆ ನನಗೆ ದೊಡ್ಡಮ್ಮ ನೆನಪಾಗುತ್ತಾರೆ. ಮೂತ್ರದ ಸೋಂಕು ಅಂತ ಶುರುವಾಗಿತ್ತು. ಎರಡನೇ ದಿನ ಜ್ವರ ಬಿಟ್ಟು ಮೈ ತಣ್ಣಗಾಯಿತು, ವಾಸಿಯಾಗುತ್ತಿದೆ ಅಂದುಕೊಂಡೆವು. ಸಂಜೆ ನನ್ನ ಮುಖವನ್ನೇ ದಿಟ್ಟಿಸಿ ‘ಯಾರಪ್ಪಾ ನೀನು?’ ಅಂದರು. ಏದುಸಿರು. ಬೆಳಗಿನಿಂದ ಮೂತ್ರವೂ ಹೋಗಿರಲಿಲ್ಲ. ಸೆಪ್ಸಿಸ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಆ ರಾತ್ರಿ ಐಸಿಯು ಬಾಗಿಲಲ್ಲಿ. ಪುಣ್ಯಕ್ಕೆ ಅವರು ಉಳಿದರು.

ಆಮೇಲೆ ಈ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ಮೆಚ್ನಿಕೋಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ನಮ್ಮ ಬೆರಳಿಗೆ ಮುಳ್ಳು ಚುಚ್ಚಿದಾಗ ಆಗುವುದೂ ಅದೇ. ಅಲ್ಲಿನ ರಕ್ತನಾಳಗಳು ಸಡಿಲವಾಗಿ ನೀರು ಜಿನುಗುತ್ತದೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಸುಳಿ ಬಂದು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಕೀವಿನಲ್ಲಿರುವುದು ಬಹುಪಾಲು ಹಾಗೆ ಸತ್ತ ನ್ಯೂಟ್ರೋಫಿಲ್‌ಗಳೇ.

ಬೆರಳನ್ನು ಕಾಯುವ ಇದೇ ಕೆಲಸ ಹತೋಟಿ ತಪ್ಪಿ ಮೈಯೆಲ್ಲ ಹಬ್ಬಿದರೆ? ಅದೇ ಸೆಪ್ಸಿಸ್. ಎಲ್ಲೆಡೆ ನಾಳಗಳು ಸೋರಿ ಬಿಪಿ ಕುಸಿಯುತ್ತದೆ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕಿಡ್ನಿ, ಮೆದುಳಿಗೆ ರಕ್ತ ಸಾಲದೆ ಹೋಗುತ್ತದೆ. ದೊಡ್ಡಮ್ಮ ನನ್ನ ಗುರುತು ಮರೆತದ್ದು ವಯಸ್ಸಿನಿಂದಲ್ಲ.

ಹಾಗಂತ ಈ ಪ್ರತಿಕ್ರಿಯೆಯನ್ನೇ ಅಡಗಿಸೋಣವೆಂದರೆ ಅದೂ ಆಗದು. ನನ್ನನ್ನು ಹೆಚ್ಚು ಕಾಡಿದ್ದು ಒಂದು ಜಾತಿಯ ಇಲಿಗಳ ಕಥೆ. ಕೆಲವು ಬ್ಯಾಕ್ಟೀರಿಯಾಗಳ ಹೊರಪದರದಲ್ಲಿರುವ ಎಂಡೋಟಾಕ್ಸಿನ್ ಎಂಬ ವಿಷವನ್ನು ಬೇರೆ ಇಲಿಗಳು ಸಾಯುವಷ್ಟು ಚುಚ್ಚಿದರೂ ಅವು ಸಾಯುವುದಿಲ್ಲ. ಅದನ್ನು ಗುರುತಿಸುವ ಟಿಎಲ್‌ಆರ್4 ಎಂಬ ಗ್ರಾಹಕ ಪ್ರೋಟೀನೇ (ರಿಸೆಪ್ಟರ್) ಅವುಗಳಲ್ಲಿ ಕೆಟ್ಟಿದೆ ಎಂದು ವಿಜ್ಞಾನಿ ಬ್ಯೂಟ್ಲರ್ ಅವರ ತಂಡ 1998ರಲ್ಲಿ ತೋರಿಸಿತು. ಆದರೆ ಜೀವಂತ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಒಂದಿಷ್ಟು ಹೊಕ್ಕರೂ ಅದೇ ಇಲಿಗಳು ಉಳಿಯುವುದಿಲ್ಲ. ಶತ್ರು ಬಂದದ್ದೇ ಅವಕ್ಕೆ ತಿಳಿಯುವುದಿಲ್ಲ. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ, ಸಂಧಿವಾತಕ್ಕೆ ವರವಾದ ಔಷಧಿಗಳೂ ಸೆಪ್ಸಿಸ್‌ನಲ್ಲಿ ಕೈಕೊಟ್ಟವು. ಒಂದು ಕಡೆ ಉರಿಯೂತ ಮಿತಿಮೀರಿರುವಾಗಲೇ ಇನ್ನೊಂದು ಕಡೆ ರಕ್ಷಣೆ ಕುಗ್ಗಿರಬಹುದು. ಹೀಗಿರುವಾಗ ‘ಹೆಚ್ಚಿಸಿಕೊಳ್ಳಿ’ ಎಂಬ ಮಾತಿಗೆ ಏನರ್ಥ? ಆ ಮಾತನ್ನು ನಾವು ಬಿಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

2017ರಲ್ಲಿ ಜಗತ್ತಿನಲ್ಲಿ ಸೆಪ್ಸಿಸ್ ಸಂಬಂಧಿತ ಸಾವುಗಳು ಸುಮಾರು 1.1 ಕೋಟಿ ಎಂಬ ಅಂದಾಜಿದೆ. ಆಂಟಿಬಯೋಟಿಕ್ ತಡವಾದಷ್ಟೂ ಅಪಾಯ ಏರುತ್ತದೆ. ಸೋಂಕಿರುವವರಿಗೆ ಗೊಂದಲ, ಏದುಸಿರು, ಮೂತ್ರ ಕಡಿಮೆಯಾಗುವುದು, ಮೈ ತಣ್ಣಗಾಗುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಹೋಗಿ, ‘ಇದು ಸೆಪ್ಸಿಸ್ ಇರಬಹುದಾ ಡಾಕ್ಟ್ರೇ?’ ಅಂತ ನೀವೇ ಬಾಯಿಬಿಟ್ಟು ಕೇಳಿ. ಅವತ್ತು ನಮ್ಮ ಮನೆಯಲ್ಲಿ ಹಾಗೆ ಕೇಳಲು ಯಾರಿಗೂ ಗೊತ್ತಿರಲಿಲ್ಲ.