ತೋಟಕ್ಕೆ ಹೋಗುವ ಬೋರ್ಡಿಗೆ ಡೀಬಗ್ ಕನೆಕ್ಟರ್ ಬೇಕೇ?

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಣ್ಣಿನ ತೇವ ಅಳೆದು ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೋ) ಮೂಲಕ ಕಳಿಸುವ, ಎಸ್‌ಟಿಎಂ32 ಚಿಪ್ಪಿನ ಬೋರ್ಡು. ಅದರ ಮೇಲೆ ಡೀಬಗ್ ಹೆಡರ್ (ಕೋಡು ತುಂಬಲು, ದೋಷ ಹುಡುಕಲು ಕೇಬಲ್ ಸಿಕ್ಕಿಸುವ ಪಿನ್ನುಗಳ ಕನೆಕ್ಟರ್) ಬೆಸುಗೆ ಹಾಕಿಯೇ ಕಳಿಸುವುದೋ, ಬರೀ ಪ್ಯಾಡ್ (ಬೋರ್ಡಿನ ಮೇಲಿನ ಚಪ್ಪಟೆ ಲೋಹದ ಚುಕ್ಕಿ) ಬಿಟ್ಟು ಸ್ಪ್ರಿಂಗ್ ಪಿನ್ನಿನ ಕೇಬಲ್ ಒತ್ತಿ ಕೆಲಸ ಮುಗಿಸುವುದೋ?

ಪರ: ಹೆಡರ್ ಇರಲೇಬೇಕು

ಮೂಡಿಗೆರೆಯ ಇಳಿಜಾರಿನಲ್ಲಿ ಬೋರ್ಡು ಸುಮ್ಮನಾದರೆ ಕಾರಣ ಹುಡುಕಬೇಕಾದ್ದು ಅಲ್ಲೇ. ಬಿಚ್ಚಿ ಬೆಂಚಿಗೆ ತರಲು ಬ್ಯಾಟರಿ ಕಳಚಿದೊಡನೆ ರ‍್ಯಾಮ್‌ನಲ್ಲಿದ್ದ ಸುಳಿವೆಲ್ಲ ಹೋಯಿತು. ಹೆಡರ್ ಇದ್ದರೆ ಕೇಬಲ್ ಸಿಕ್ಕಿಸಿ, ರೀಸೆಟ್ ಮಾಡದೆ ಜೋಡಿಸುವ ಆಯ್ಕೆಯಲ್ಲಿ ಒಳಹೊಕ್ಕು, ಕೋಡು ಯಾವ ಸಾಲಿನಲ್ಲಿ ಸಿಕ್ಕಿಬಿದ್ದಿದೆ ಎಂದು ಓದಬಹುದು. ಲ್ಯಾಪ್‌ಟಾಪಿಗೆ ಎರಡೂ ಕೈ ಬಿಡುವಾಗಿರುತ್ತವೆ.

1.27 ಮಿ.ಮೀ. ಅಂತರದ 10 ಪಿನ್ನಿನ, ಕಚ್ಚು ಇರುವ ಹೆಡರನ್ನೇ ಕೊಳ್ಳಿ. ಪಿನ್ 1ಕ್ಕೆ ಬೋರ್ಡಿನ 3.3 ವೋಲ್ಟ್, 2ಕ್ಕೆ ಡೀಬಗ್ ಡೇಟಾ ತಂತಿ ಎಸ್‌ಡಬ್ಲ್ಯುಡಿಐಒ (ಚಿಪ್ಪಿನ ಪಿಎ13 ಪಿನ್), 4ಕ್ಕೆ ಅದರ ಕ್ಲಾಕ್ ತಂತಿ ಎಸ್‌ಡಬ್ಲ್ಯುಸಿಎಲ್‌ಕೆ (ಪಿಎ14), 10ಕ್ಕೆ ರೀಸೆಟ್. 3, 5, 9 ಗ್ರೌಂಡ್. ಪಿನ್ 1 ಇರುವುದು ಬೋರ್ಡಿಗೆ ಕರೆಂಟ್ ಕೊಡಲು ಅಲ್ಲ, ಬೋರ್ಡಿನ ವೋಲ್ಟೇಜು ಎಷ್ಟೆಂದು ಪ್ರೋಬಿಗೆ (ಲ್ಯಾಪ್‌ಟಾಪಿಗೂ ಬೋರ್ಡಿಗೂ ನಡುವಿನ ಡೀಬಗ್ ಸಾಧನಕ್ಕೆ) ತಿಳಿಸಲು. ಅದನ್ನು ಖಾಲಿ ಬಿಟ್ಟರೆ ಜೆ-ಲಿಂಕ್‌ನಂಥ ಪ್ರೋಬು ಬೋರ್ಡಿಗೆ ಕರೆಂಟೇ ಇಲ್ಲವೆಂದು ಹಟ ಹಿಡಿಯುತ್ತದೆ. ಕಚ್ಚಿಲ್ಲದ ಹೆಡರಿನಲ್ಲಿ ಕೇಬಲ್ ತಿರುಗಿ ಕೂತರೆ 1 ಹೋಗಿ 10ರ ಜಾಗದಲ್ಲಿ ಕೂರುತ್ತದೆ: 3.3 ವೋಲ್ಟ್ ನೇರ ಪ್ರೋಬಿನ ರೀಸೆಟ್ ತಂತಿಗೆ.

ರೀಸೆಟ್ ತಂತಿಯನ್ನು ಉಳಿತಾಯದ ಹೆಸರಿನಲ್ಲಿ ಬಿಡುವವರಿದ್ದಾರೆ. ಕೋಡು ಪಿಎ13 ಅನ್ನು ಸೆನ್ಸರಿಗೆ ಬಳಸಿಕೊಂಡಾಗ, ಇಲ್ಲವೇ ಎದ್ದ ತಕ್ಷಣ ನಿದ್ದೆಗೆ ಜಾರುವಾಗ, ಚಿಪ್ಪಿನೊಳಗೆ ಹೋಗಲು ರೀಸೆಟ್ ಒತ್ತಿಹಿಡಿದು ಸೇರುವುದೇ ಸಲೀಸಾದ ದಾರಿ. ಆ ತಂತಿ ಬೇಕೇ ಬೇಕು.

ವಿರೋಧ: ಪ್ಯಾಡ್ ಸಾಕು

ಬೆಂಚಿನ ಮೇಲೆ ಈ ವಾದ ಸರಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯೊಳಗೂ ತೇವ. ಇಡೀ ಬೋರ್ಡಿಗೆ ತೇವ ತಡೆಯುವ ಕೋಟಿಂಗ್ ಹೊಡೆಯಬಹುದು, ಆದರೆ ಹೆಡರಿನ ಪಿನ್ನುಗಳಿಗೆ ಹೊಡೆದರೆ ಕೇಬಲ್ ಸಂಪರ್ಕವೇ ಸಿಗದು. ಅಲ್ಲಿ ತೇವ ನಿಲ್ಲುತ್ತದೆ, ಬೆಸುಗೆಯಲ್ಲಿ ಬಳಸಿ ಉಳಿದ ಫ್ಲಕ್ಸ್ ಅದರೊಡನೆ ಸೇರುತ್ತದೆ. ರೀಸೆಟ್ ಪಿನ್ 10ರ ಪಕ್ಕದಲ್ಲೇ ಪಿನ್ 9, ಅಂದರೆ ಗ್ರೌಂಡ್. ರೀಸೆಟನ್ನು 3.3 ವೋಲ್ಟಿನತ್ತ ಎಳೆದಿಡುವ ಚಿಪ್ಪಿನೊಳಗಿನ ರೆಸಿಸ್ಟರು, ಅಂದರೆ ಪುಲ್‌ಅಪ್, ಸುಮಾರು 40 ಕಿಲೋಓಮ್. ತೇವದ ಸೋರಿಕೆ 17 ಕಿಲೋಓಮ್‌ಗೆ ಬಂತೆಂದರೆ ರೀಸೆಟ್ 1 ವೋಲ್ಟಿಗಿಂತ ಕೆಳಗೆ, ಚಿಪ್ಪು ರೀಸೆಟ್‌ನಲ್ಲೇ ಸಿಕ್ಕಿಬಿದ್ದಂತೆ. ಹೊರಗೆ 4.7 ಕಿಲೋಓಮ್ ಪುಲ್‌ಅಪ್ ಹಾಕಿದರೆ ಆ ಕಾಟ ಕಡಿಮೆಯಾಗುತ್ತದೆ. ಆದರೆ ಪಿನ್ 1ರಲ್ಲಿ ಹಗಲೂ ರಾತ್ರಿ 3.3 ವೋಲ್ಟ್, ಪಕ್ಕದ 3 ಗ್ರೌಂಡ್. ನೀರಿನ ಪೊರೆಯ ಕೆಳಗೆ ಆ ಜೋಡಿಗೆ ತುಕ್ಕು ಹಿಡಿಯುವುದನ್ನು, ಬ್ಯಾಟರಿ ಬಸಿಯುವುದನ್ನು ಯಾವ ರೆಸಿಸ್ಟರೂ ತಡೆಯದು.

ಸ್ಪ್ರಿಂಗ್ ಪಿನ್ನಿನ ಕೇಬಲ್ ಕೂರಲು 6 ಪ್ಯಾಡು, 3 ಜೋಡಣೆ ರಂಧ್ರ ಇರುವ ಜಾಗ (ಫುಟ್‌ಪ್ರಿಂಟ್) ಬಿಡಿ. ಬಿಡಿಭಾಗದ ಖರ್ಚು ಸೊನ್ನೆ. ಚಿನ್ನದ ಲೇಪ ಹೇಳಿ. ಬೆಸುಗೆ ಪೇಸ್ಟ್ ಹಚ್ಚುವ ಸ್ಟೆನ್ಸಿಲ್‌ನಲ್ಲಿ ಆ ಪ್ಯಾಡುಗಳಿಗೆ ಕಿಂಡಿ ಬೇಡ, ಬೆಸುಗೆಯ ಗುಬ್ಬಿ ಎದ್ದರೆ ಸ್ಪ್ರಿಂಗ್ ಪಿನ್ ಜಾರುತ್ತದೆ. ಕೋಟಿಂಗ್ ಹೊಡೆಯುವ ಮುನ್ನ ಪ್ಯಾಡುಗಳಿಗೆ ಕ್ಯಾಪ್ಟಾನ್ (ಶಾಖ ತಡೆಯುವ) ಟೇಪ್ ಅಂಟಿಸಿ, ಆಮೇಲೆ ಕಿತ್ತು, ಕೋಡು ತುಂಬಿ, ಪರೀಕ್ಷೆ ಮುಗಿಸಿ ಪ್ಯಾಡಿನ ಮೇಲೆ ಸಿಲಿಕೋನ್ ಸವರಿ. ವಿನೆಗರ್ ವಾಸನೆಯದ್ದು ಮಾತ್ರ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಸಿಲಿಕೋನನ್ನು ಬೇಕಾದಾಗ ಉಗುರಿನಿಂದ ಎಬ್ಬಿಸಬಹುದು.

ಇನ್ನು ರ‍್ಯಾಮ್‌ನ ಸುಳಿವಿನ ಮಾತು. ಅದಕ್ಕೆ ಮಳೆಯಲ್ಲಿ ತೋಟಕ್ಕೆ ಹೋಗಬೇಕಿಲ್ಲ. ಹಾರ್ಡ್ ಫಾಲ್ಟ್ ಆದಾಗ, ಅಂದರೆ ಕೋಡು ಕೆಟ್ಟು ನಿಂತಾಗ, ಪ್ರೋಗ್ರಾಂ ಕೌಂಟರನ್ನೂ (ಕೋಡು ನಿಂತ ಜಾಗ) ಲಿಂಕ್ ರಿಜಿಸ್ಟರನ್ನೂ (ಮರಳಬೇಕಾದ ಜಾಗ) ರೀಸೆಟ್ ಆದರೂ ಅಳಿಯದ ಬ್ಯಾಕಪ್ ರಿಜಿಸ್ಟರುಗಳಿಗೆ ಬರೆದಿಡಿ. ಸಿಕ್ಕಿಬಿದ್ದ ಚಿಪ್ಪನ್ನು ತಾನೇ ರೀಸೆಟ್ ಮಾಡುವ ಟೈಮರು, ಅಂದರೆ ವಾಚ್‌ಡಾಗ್, ಎಬ್ಬಿಸಿದ ಮೇಲೆ ಮುಂದಿನ ಲೋರಾ ಸಂದೇಶದಲ್ಲೇ ಆ 8 ಬೈಟುಗಳು ಬರುತ್ತವೆ.