ಗ್ಲೆನ್ ಮ್ಯಾಟ್‌ಲಾಕ್ ಅವರನ್ನೇ ಬಿಟ್ಟಿದ್ದೀರಿ

ಬ್ರಿಟನ್ನಿನ ಪಂಕ್ ರಾಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ಹಾಳಾಗಿದ್ದು ಸಿಡ್ ವಿಷಸ್‌ನ ಡ್ರಗ್ಸ್ ಚಟದಿಂದ ಎಂಬ ಲೇಖನದ ಮಾತನ್ನು ನಾನು ಒಪ್ಪುವುದಿಲ್ಲ. ನಿಜವಾದ ಪೆಟ್ಟು ಬಿದ್ದದ್ದು ಅದಕ್ಕೂ ಮೊದಲು, 1977ರ ಫೆಬ್ರವರಿಯಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಗ್ಲೆನ್ ಹೊರಬಿದ್ದಾಗ. ಬ್ಯಾಂಡ್‌ನ ಒಂದೇ ಒಂದು ಸ್ಟುಡಿಯೋ ಆಲ್ಬಂನ 12 ಹಾಡುಗಳಲ್ಲಿ 10ಕ್ಕೆ ಹಾಡು ಕಟ್ಟಿದವರಲ್ಲಿ ಗ್ಲೆನ್ ಹೆಸರೂ ಇದೆ! ಅವರು ಹೋದ ಮೇಲೆ ಹೊಸ ಹಾಡು ಹುಟ್ಟಿದ್ದೇ ಅಪರೂಪ. ಅವರ ಜಾಗಕ್ಕೆ ಬಂದ ಸಿಡ್‌ಗೆ ಬಾಸ್ ಸರಿಯಾಗಿ ಬರುತ್ತಿರಲಿಲ್ಲ. ರೆಕಾರ್ಡಿಂಗ್‌ನಲ್ಲಿ ಅದನ್ನೂ ಜಾಸ್ತಿ ನುಡಿಸಿದ್ದು ಗಿಟಾರಿಸ್ಟ್ ಸ್ಟೀವ್ ಜೋನ್ಸ್. ಇಎಂಐ, ಎ ಅಂಡ್ ಎಂ ಎರಡೂ ರೆಕಾರ್ಡ್ ಕಂಪನಿಗಳು ಕೈಬಿಟ್ಟಾಗಲೂ ಈ ಬ್ಯಾಂಡ್ ಉಳಿದಿತ್ತು. ಹಾಗಿರುವಾಗ ಎಲ್ಲವನ್ನೂ ಸುಮ್ನೆ ಸಿಡ್ ತಲೆಗೆ ಕಟ್ಟುವುದು ಅನ್ಯಾಯ. 1996ರಲ್ಲಿ ಮತ್ತೆ ಒಂದಾದಾಗ ಬಾಸ್ ಹಿಡಿಯಲು ಅವರು ಕರೆದದ್ದು ಗ್ಲೆನ್ ಅವರನ್ನೇ ಅಲ್ವಾ?